ನಾಲ್ಕು ನೀರಿನ ವಿಭೂತಿ

ಮಕ್ತಲ್‌ನಲ್ಲಿ ಹೊಸದಾಗಿ ಬೋರು ಹಾಕಿಸಿದವರು ನೀರನ್ನು ಮೊದಲು ಅಮರಮ್ಮನ ಮನೆಗೆ ತರುತ್ತಿದ್ದರು. ಬಾಟಲಿಯ ಮುಚ್ಚಳದಷ್ಟು ನೀರು ಸಾಕಾಗುತ್ತಿತ್ತು. ಅದನ್ನು ನಾಲಿಗೆಯ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ, ಅಂಗುಳಕ್ಕೆ ಒತ್ತಿ, ಪಕ್ಕಕ್ಕೆ ಉಗುಳಿ ಹೇಳುತ್ತಿದ್ದಳು: "ಇದ್ರಾಗ ಬ್ಯಾಳಿ ಬೇಯಂಗಿಲ್ಲ, ಸಾಬೂನು ನೊರಿ ಬರಂಗಿಲ್ಲ. ದನಕ್ಕ ಕುಡಿಸ್ರಿ." ತಂದವರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಆದರೆ ಅವಳ ಮಾತು ಸುಳ್ಳಾಯಿತೆಂದು ಯಾರೂ ತಿರುಗಿ ಬಂದದ್ದಿಲ್ಲ.

ಈ ನಾಲಿಗೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಹದಿನೇಳನೆಯ ವಯಸ್ಸಿಗೆ ವಿಭೂತಿ ಮಾಡುವ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಸಾಲಾಗಿ ಹೂತಿಟ್ಟ ನಾಲ್ಕು ಮಣ್ಣಿನ ಬಾನಿಗಳನ್ನು ತೋರಿಸಿದ್ದಳು. ಆಕಳ ಸಗಣಿಯ ಕುಳ್ಳನ್ನು ಹೊಟ್ಟಿನ ಬೆಂಕಿಯಲ್ಲಿ ಬೆಳ್ಳಗಾಗುವತನಕ ಸುಡಬೇಕು. ಆ ಬೂದಿಯನ್ನು ನೀರಿಗೆ ಕಲೆಸಿ, ತೆಳುಬಟ್ಟೆಯಲ್ಲಿ ಸೋಸಿ ಬಾನಿಗೆ ಬಿಡಬೇಕು. ಒಂದು ದಿನ ಅಲ್ಲಾಡಿಸದೆ ಇಟ್ಟರೆ ಬೂದಿ ತಳಕ್ಕೆ ಕೂರುತ್ತದೆ, ಮೇಲೆ ಕನ್ನಡಿಯಂಥ ನೀರು ನಿಲ್ಲುತ್ತದೆ.

"ತಿಳಿ ಐತಿ ಅಂತ ನಂಬಬ್ಯಾಡ" ಎಂದಿದ್ದಳು ಅತ್ತೆ. "ಬೂದ್ಯಾಗ ಎರಡು ಇರ್ತಾವ. ಒಂದು ನೀರಾಗ ಕರಗಂಗಿಲ್ಲ, ಅದು ನಮ್ಮದು, ವಿಭೂತಿ ಆಗೋದು. ಇನ್ನೊಂದು ಕರಗತೈತಿ, ಅದು ಚೌಳು, ಮೈ ಸುಡೋದು. ಕರಗಿದ್ದು ಕಣ್ಣಿಗೆ ಕಾಣಂಗಿಲ್ಲ. ಹಂಗಂತ ಅದು ಎಲ್ಲಿಗೂ ಹೋಗಿರಂಗಿಲ್ಲ. ನಾಲಿಗಿ ಹಚ್ಚಿ ನೋಡು."

ಅಮರಮ್ಮ ಹಚ್ಚಿ ನೋಡಿದ್ದಳು. ಸಾಬೂನು ಕಚ್ಚಿದ ಹಾಗಾಗಿ, ನಾಲಿಗೆಯ ತುದಿ ಉರಿದು ಕಣ್ಣಲ್ಲಿ ನೀರು ಬಂದಿತ್ತು. ಅತ್ತೆ ನಕ್ಕು, ಆ ನೀರನ್ನು ಬಸಿದು ಚೆಲ್ಲಿ ಹೊಸ ನೀರು ಹೊಯ್ದಿದ್ದಳು. ಮರುದಿನ ಮತ್ತೆ ಬಸಿದು ಮತ್ತೆ ಹೊಯ್ದಿದ್ದಳು. ಅಷ್ಟೂ ನೀರನ್ನು ಒಮ್ಮೆಗೇ ಹಾಕಿದರೆ ಕೆಲಸ ಮುಗಿಯುವುದಿಲ್ಲವೇ ಎಂದು ಅಮರಮ್ಮ ಕೇಳಿದಾಗ ಅತ್ತೆ ಬೈಯಲಿಲ್ಲ. "ಒಮ್ಮಿಗೇ ಹಾಕಿದ್ರ ಎಲ್ಲಾ ನೀರೂ ಒಂದೇ ಚೌಳು ಆಗತೈತಿ, ಬೂದಿ ಹಿಡಕೊಂಡು ಕುಂತ ನೀರೂ ಅಷ್ಟೇ ಚೌಳು. ಒಂದೊಂದ ಸಲ ಬಸಿದ್ರ, ಒಳಗ ಉಳಿದದ್ದು ಹೊಸ ನೀರಿಗೆ ಹಂಚಿ ಹಂಚಿ ಹೊರಗ ಹೋಗತೈತಿ" ಎಂದು ತಿಳಿಸಿ ಹೇಳಿದ್ದಳು. ಬಸಿದ ನೀರಿಗೂ ಕೊಡದಲ್ಲಿದ್ದ ಹೊಸ ನೀರಿಗೂ ನಾಲಿಗೆಯ ಮೇಲೆ ವ್ಯತ್ಯಾಸ ಗೊತ್ತಾಗದಾದಾಗ 'ಸಿಹಿ ಆತು' ಅನ್ನುತ್ತಿದ್ದರು. ಆಮೇಲೆಯೇ ಬೂದಿಯನ್ನು ನಾದಿ, ವಿಭೂತಿ ಗಟ್ಟಿಗಳಾಗಿ ತಟ್ಟಿ, ನೆರಳಲ್ಲಿ ಒಣಗಿಸುವುದು. ಸಿಹಿಯಾಗಲು ಆರು ನೀರು ಬೇಕಾಗುತ್ತಿತ್ತು, ಒಮ್ಮೊಮ್ಮೆ ಏಳು. ಎಷ್ಟೆಂದು ಮನೆಯಲ್ಲಿ ಯಾರೂ ಎಣಿಸುತ್ತಿರಲಿಲ್ಲ. ನಾಲಿಗೆ ಹೇಳುತ್ತಿತ್ತು.

ಮೂರು ವರ್ಷದ ಹಿಂದೆ, ಎರಡನೆಯ ಸಲ ಕರೋನಾ ಬಂದಾಗ, ಅಮರಮ್ಮನಿಗೂ ಅವಳ ಮಗ ಮಲ್ಲೇಶನಿಗೂ ಜ್ವರ ಬಂತು. ಇಬ್ಬರಿಗೂ ರುಚಿ ಹೋಯಿತು. ಮಲ್ಲೇಶನಿಗೆ ಹದಿನೈದು ದಿನಕ್ಕೆ ತಿರುಗಿ ಬಂತು. ಅಮರಮ್ಮನಿಗೆ ಎರಡು ತಿಂಗಳಿಗೆ ಬೆಲ್ಲ ಗೊತ್ತಾಯಿತು, ಖಾರ ಗೊತ್ತಾಯಿತು. ಉಪ್ಪು ಗೊತ್ತಾಗಲಿಲ್ಲ, ಚೌಳೂ ಗೊತ್ತಾಗಲಿಲ್ಲ. ನಾಳೆ ಬಂದೀತು, ಬರುವ ತಿಂಗಳು ಬಂದೀತು ಎಂದು ಕಾದಳು. ಕಾಯುತ್ತಿದ್ದಾಗ ಯಾರಿಗೂ ಹೇಳಲಿಲ್ಲ. ಕಾಯುವುದನ್ನು ಬಿಟ್ಟ ಮೇಲೆ ಹೇಳಲು ಬಾಯಿ ಬರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಮಲ್ಲೇಶ ಗಟ್ಟಿಗಳನ್ನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಗದ್ವಾಲ, ನಾರಾಯಣಪೇಟೆ, ರಾಯಚೂರಿನ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಸುಣ್ಣದ ಪುಡಿಯನ್ನು ಅಚ್ಚಿಗೆ ಒತ್ತಿದ ಮಿಷನ್ ವಿಭೂತಿ ಎಲ್ಲ ಕಡೆ ಬಂದಿತ್ತು. ನಾವೂ ಅದನ್ನೇ ತರಿಸಿ ಮಾರೋಣ ಎಂದು ಅವನು ಎಷ್ಟೋ ಸಲ ಅಂದಿದ್ದ. ಕೊನೆಗೆ ಅವನೇ ಸೋತು, "ಆತು ಬಿಡವ್ವ. ನಿನ್ನ ನಾಲಿಗಿ ಇರೋತನಕ ನಡಿಲಿ" ಎಂದಿದ್ದ.

ಹಾಗಾಗಿ ಅಮರಮ್ಮ ನಾಲಿಗೆಯ ಬದಲು ಲೆಕ್ಕ ಹಿಡಿದಳು. ಪ್ರತಿ ಸಲ ಎಂಟು ನೀರು, ಒಂದೂ ಕಡಿಮೆಯಿಲ್ಲ. ಎಂಟಾದ ಮೇಲೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ತಲೆಯಾಡಿಸುತ್ತಿದ್ದಳು. ಬೋರಿನ ನೀರು ತಂದವರನ್ನು ಮೊದಲು ಮಾತಿಗೆಳೆದು, ಬೋರು ಹಳ್ಳದ ಆಚೆಯದೋ ಈಚೆಯದೋ ಎಂದು ತಿಳಿದುಕೊಂಡು ಉತ್ತರ ಹೇಳುತ್ತಿದ್ದಳು. ಅಡುಗೆಯಲ್ಲಿ ಮಾತ್ರ ಸಿಕ್ಕಿಬೀಳುತ್ತಿದ್ದಳು. "ಅವ್ವಾ, ಸಾರಿಗೆ ಉಪ್ಪು ಹಾಕೀಯೋ, ಉಪ್ಪಿಗೆ ಸಾರು ಹಾಕೀಯೋ?" ಎಂದು ಮಲ್ಲೇಶ ಕೇಳಿದರೆ, "ಬಿಸಿಲಿಗೆ ಬೆವರು ಹೋಗತೈತಿ, ಉಣ್ಣು ಸುಮ್ನ" ಅನ್ನುತ್ತಿದ್ದಳು.

ಈ ವರ್ಷದ ಬೇಸಿಗೆಯಲ್ಲಿ ಜಂಗಮರ ವೀರಯ್ಯಸ್ವಾಮಿ ಬಂದರು. ನಾರಾಯಣಪೇಟೆಯ ಕಾಳಿನ ವ್ಯಾಪಾರಿ ಕಾಂತೇಶನ ಮಗಳು ಐಶ್ವರ್ಯ ಹೆತ್ತು ತವರಿನಲ್ಲಿದ್ದಳು. ಕೂಸಿಗೆ ಲಿಂಗಧಾರಣೆ ಮಾಡಬೇಕು. "ಐಶ್ವರ್ಯಳ ಹಣಿಗೆ ಮೊದಲನೇ ಸಲ ಇಟ್ಟಿದ್ದೂ ನಿಮ್ಮನಿ ವಿಭೂತಿನಾ ಅಂತರಿ. ಮೊಮ್ಮಗಳಿಗೂ ಅದಾ ಬೇಕಂತ ಕಾಂತೇಶನ ಹಟ" ಎಂದರು ಸ್ವಾಮಿಗಳು. ಗದ್ವಾಲದ ಅಂಗಡಿಯಿಂದಲೂ ಮೂವತ್ತು ಗಟ್ಟಿಗೆ ಫೋನು ಬಂದಿತ್ತು. ಬಾನಿಗಳಲ್ಲಿ ಆಗಲೇ ಅರವತ್ತು ಗಟ್ಟಿಯಷ್ಟು ಬೂದಿ ನೆನೆಯುತ್ತಿತ್ತು.

ನೆನೆಯುತ್ತಿದ್ದದ್ದು ಸರಿ, ನೀರಿರಲಿಲ್ಲ. ನಳ ಮೂರು ದಿನಕ್ಕೊಮ್ಮೆ ಬರುತ್ತಿತ್ತು, ಬಂದರೂ ನಾಲ್ಕು ಕೊಡಕ್ಕೆ ನಿಲ್ಲುತ್ತಿತ್ತು. ನಾಲ್ಕನೆಯ ನೀರು ಬಸಿದ ದಿನ ಅಮರಮ್ಮ ಲೆಕ್ಕ ಹಾಕಿದಳು. ಇನ್ನು ನಾಲ್ಕು ನೀರಿಗೆ ಹನ್ನೆರಡು ದಿನ ಬೇಕು. ಒಣಗುವುದಕ್ಕೆ ಎಂಟು ದಿನ. ಲಿಂಗಧಾರಣೆಗೆ ಉಳಿದಿದ್ದು ಹತ್ತೇ ದಿನ.

ಮಲ್ಲೇಶ ಬಾನಿಯ ಪಕ್ಕದಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದ. "ಸಾಕೇನವ್ವ? ಇಲ್ಲಾ ಅಂದ್ರ ಟ್ಯಾಂಕರಿಗೆ ಹೇಳ್ತೀನಿ. ಇಲ್ಲಾ ಸ್ವಾಮಿಗೋಳಿಗೆ ಆಗಂಗಿಲ್ಲ ಅಂತ ಫೋನ್ ಮಾಡ್ತೀನಿ. ನೀ ಹೆಂಗ ಅಂತಿ ಹಂಗ."

ಆ ಗಳಿಗೆಯನ್ನು ಅಮರಮ್ಮ ಮುಂದೆ ಎಷ್ಟು ಸಲ ನೆನೆದಳೋ ಲೆಕ್ಕವಿಲ್ಲ. ಮಗ ಎರಡು ದಾರಿ ತೋರಿಸಿದ್ದ, ಎರಡೂ ತೆರೆದೇ ಇದ್ದವು. ಅವಳು ಬೆರಳು ಅದ್ದಿದಳು. ನಾಲಿಗೆಗೆ ಇಟ್ಟಳು. ನೀರು ಎಂದಿನಂತೆ ಏನೂ ಹೇಳಲಿಲ್ಲ. ಅವಳು ಎರಡು ಸಲ ಬಾಯಿ ಚಪ್ಪರಿಸಿ, "ಸಿಹಿ ಆಗೈತಿ. ಈ ಸಲದ ಬೂದಿ ಚಲೋ ಐತಿ, ಬ್ಯಾಗ ಬಿಡ್ತು" ಎಂದಳು. ಚಪ್ಪರಿಸುವ ಅಗತ್ಯವೇ ಇರಲಿಲ್ಲ. ಅದನ್ನು ಅವಳು ಮಗ ನಂಬಲಿ ಎಂದು ಮಾಡಿದ್ದಳು.

ಲಿಂಗಧಾರಣೆಯಾದ ಮೂರನೆಯ ದಿನ ವೀರಯ್ಯಸ್ವಾಮಿ ತಿರುಗಿ ಬಂದರು. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತರು.

"ಅಮರವ್ವ, ಕೂಸಿನ ಹಣಿ ಮ್ಯಾಲ ಮೂರೂ ಗೆರಿ ಕೆಂಪಗಾಗಿ ಸುಲದಾವ. ಎದಿ ಮ್ಯಾಲ ಇಟ್ಟಿದ್ದೂ ಹಂಗಾ. ದವಾಖಾನಿಗೆ ಒಯ್ದಿದ್ರು. ಸುಣ್ಣ ತಗಲಿದಂಗ ಆಗೈತಿ ಅಂದ್ರಂತ ಡಾಕ್ಟ್ರು."

ಅಮರಮ್ಮನ ಕೈಯಲ್ಲಿದ್ದ ಮೊರ ಕೆಳಗಿಳಿಯಿತು. ಅವಳು ಬಾಯಿ ತೆರೆಯುವ ಮೊದಲೇ ಸ್ವಾಮಿಗಳು ಮುಂದುವರಿಸಿದರು. "ನಾ ಅಲ್ಲೇ ಹೇಳಿನಿ, ಅಮರವ್ವನ ನಾಲಿಗಿ ದಾಟಿ ಚೌಳು ಹೋಗಾಕ ಸಾಧ್ಯನಾ ಇಲ್ಲ. ಸಗಣ್ಯಾಗಾ ಏನೋ ಆಗಿರಬೇಕು."

"ಆಗೈತ್ರಿ" ಎಂದ ಮಲ್ಲೇಶ, ಒಳಗಿನಿಂದ ಬರುತ್ತಲೇ. "ಕುಳ್ಳು ತರಾಕಿ ಎಮ್ಮಿ ಸಗಣಿ ಕೂಡಿಸ್ಯಾಳ. ಆ ಎಂಕಮ್ಮನ ಆಕಳ ಎರಡು ಬತ್ತಿದಾವ, ಆದ್ರೂ ಕುಳ್ಳು ಮಾತ್ರ ಮೊದಲಿನಷ್ಟಾ ಬರ್ತಾವ. ಎಲ್ಲಿಂದ ಬಂದ್ವು ಹೇಳ್ರಿ?"

ಹಾಲು ಬತ್ತಿದ ಆಕಳು ಸಗಣಿ ಹಾಕುವುದನ್ನು ಬಿಡುವುದಿಲ್ಲ. ಇದು ಅಮರಮ್ಮನಿಗೆ ಗೊತ್ತಿತ್ತು, ಸ್ವಾಮಿಗಳಿಗೂ ಗೊತ್ತಿರಬೇಕು. ಆದರೆ ಸ್ವಾಮಿಗಳು ತಲೆಯಾಡಿಸಿದರು. ಅಮರಮ್ಮ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಎಂಕಮ್ಮ ಹದಿನೆಂಟು ವರ್ಷದಿಂದ ಕುಳ್ಳು ತರುತ್ತಿದ್ದವಳು. ನಾರಾಯಣಪೇಟೆ ರಸ್ತೆಯಲ್ಲಿ ಬಸ್ಸಿನ ಮೂರು ಸ್ಟೇಜು ಆಚೆ ಅವಳ ಊರು. ಗಂಡ ತಿರುಪತಿ ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅವಳು ನಾಲ್ಕು ಆಕಳು ಕಟ್ಟಿಕೊಂಡು ಮನೆ ನೋಡುತ್ತಿದ್ದಳು. ಸಗಣಿಯನ್ನು ನೆಲಕ್ಕೆ ಬೀಳಲು ಬಿಡದೆ ಮೊರದಲ್ಲಿ ಹಿಡಿದು, ಮಣ್ಣು ತಾಗದಂತೆ ಬಂಡೆಯ ಮೇಲೆ ಕುಳ್ಳು ತಟ್ಟುತ್ತಿದ್ದಳು. ಮಣ್ಣು ಕೂಡಿದರೆ ವಿಭೂತಿ ಬೆಳ್ಳಗಾಗುವುದಿಲ್ಲ ಎಂದು ಅವಳಿಗೆ ಕಲಿಸಿದ್ದು ಅಮರಮ್ಮನೇ. ಮರುದಿನ ಎಂಕಮ್ಮ ಬುಟ್ಟಿ ಹೊತ್ತು ಬಂದಾಗ ಮಲ್ಲೇಶ ಬಾಗಿಲಲ್ಲೇ ತಡೆದ.

"ಬುಟ್ಟಿ ಇಳಿಸಬ್ಯಾಡ. ಎಮ್ಮಿ ಸಗಣಿ ಬ್ಯಾರೆ ಎಲ್ಲಾರ ಮಾರ್ಕೊ."

"ಎವರು ಚೆಪ್ಪಿಂಡ್ರು?" ಎಂದಳು ಎಂಕಮ್ಮ. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗೇ ಮೊದಲು ಬರುತ್ತಿತ್ತು. "ಯಾರು ಹೇಳಿದ್ರು ನಿಂಗ? ನಾ ಬಿಡ್ಡಲ ಮೀದ ಒಟ್ಟು, ನನ್ನ ಮಕ್ಕಳ ಮ್ಯಾಲ ಆಣಿ, ನಮ್ಮನ್ಯಾಗ ಎಮ್ಮಿನಾ ಇಲ್ಲ. ಅಮ್ಮಾ! ಅಮರಮ್ಮಾ! ನೀನ ಹೇಳು ಈ ಹುಡುಗಗ."

ಅಮರಮ್ಮ ಅಡುಗೆ ಮನೆಯ ಕತ್ತಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಎಂಕಮ್ಮ ಮೂರು ಸಲ ಕೂಗಿದಳು. ಮೂರನೆಯ ಸಲದ ಕೂಗಿನಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಬುಟ್ಟಿಯನ್ನು ತಲೆಗೆ ಎತ್ತಿಕೊಳ್ಳುವ ಸದ್ದು ಕೇಳಿಸಿತು. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೇರಿಸಿಕೊಳ್ಳುವುದು ಕಷ್ಟ. ಯಾವಾಗಲೂ ಅಮರಮ್ಮ ಒಂದು ಕೈ ಕೊಡುತ್ತಿದ್ದಳು.

ಎರಡು ದಿನ ಅಮರಮ್ಮ ತನ್ನೊಂದಿಗೆ ತಾನೇ ವಾದ ಮಾಡಿದಳು. ನಾಲ್ಕು ನೀರಿಗೂ ಸಿಹಿಯಾಗಿರಬಹುದಲ್ಲ? ಕೂಸಿನ ಚರ್ಮವೇ ಎಳೆಯದು, ಬಿಸಿಲು ಬೇರೆ. ನಿಜವಾಗಿ ಎಮ್ಮೆ ಸಗಣಿಯೇ ಕೂಡಿದ್ದರೆ? ಕೊನೆಗೆ ಈ ವಾದ ಅವಳಿಗೇ ಬೇಸರ ಬಂತು. ನಾರಾಯಣಪೇಟೆಗೂ ಗದ್ವಾಲಕ್ಕೂ ಕಳಿಸಿ ಮನೆಯಲ್ಲಿ ಉಳಿದಿದ್ದ ಇಪ್ಪತ್ತು ಗಟ್ಟಿಗಳಲ್ಲಿ ಒಂದನ್ನು ಕುಟ್ಟಿ ಪುಡಿ ಮಾಡಿ ಒಂದು ಚೊಂಬು ನಳದ ನೀರಿಗೆ ಹಾಕಿ ಕಲಕಿದಳು. ಇನ್ನೊಂದು ಚೊಂಬಿನಲ್ಲಿ ಬರೀ ನಳದ ನೀರು ಇಟ್ಟಳು. ಮರುದಿನ ಬೆಳಿಗ್ಗೆ ಮಲ್ಲೇಶ ಹೊರಗೆ ಹೋದ ಮೇಲೆ ರೊಟ್ಟಿಯ ಹಂಚನ್ನು ತೊಳೆದು ಒಲೆಗಿಟ್ಟು, ಮೊದಲು ಬರೀ ನೀರನ್ನು ಲೋಟದಲ್ಲಿ ಅಳೆದು ಸುರಿದಳು. ನೀರು ಆರಿತು. ಕಪ್ಪು ಹಂಚಿನ ಮೇಲೆ ಕೂದಲೆಳೆಯಂಥ ಒಂದು ಬಿಳಿ ಗೆರೆ ಉಳಿಯಿತು, ಅಷ್ಟೆ. ಅದನ್ನು ಒರೆಸಿ, ವಿಭೂತಿ ಕೂತು ತಿಳಿಯಾಗಿದ್ದ ನೀರನ್ನು ಅದೇ ಲೋಟದಲ್ಲಿ, ಅಷ್ಟೇ ಅಳೆದು ಸುರಿದಳು.

ಸುರಿಯುವಾಗ ಎರಡೂ ನೀರು ಒಂದೇ ತರ ಕಂಡವು. ಎರಡನೆಯದು ಆರುತ್ತ ಬಂದ ಹಾಗೆ ಅಂಚಿನಿಂದ ಬೆಳ್ಳಗಾಗತೊಡಗಿತು. ಹಂಚಿನ ಮಧ್ಯದವರೆಗೂ ಬಿಳಿ ಪೊರೆ ಕಟ್ಟಿತು. ಕರಗಿ ಕಾಣದಂತಾಗಿದ್ದುದೆಲ್ಲ ನೀರು ಹೋದ ಮೇಲೆ ಒಂದು ಕಣವೂ ತಪ್ಪದೆ ತಿರುಗಿ ಬಂದು ಅವಳ ಮುಂದೆ ಕೂತಿತ್ತು. ಆರಿದ ಮೇಲೆ ಅದಕ್ಕೆ ಒಂದು ಹನಿ ನೀರು ಹಾಕಿ ಬೆರಳಲ್ಲಿ ಉಜ್ಜಿದಳು. ಲೋಳೆಯಂತೆ ಜಾರಿತು. ಇಷ್ಟು ದಟ್ಟವಾದರೆ ಬೆರಳಿಗೂ ಗೊತ್ತಾಗುತ್ತದೆ. ಬಾನಿಯ ನೀರಿನಲ್ಲಿರುವಷ್ಟು ತೆಳುವಾಗಿದ್ದರೆ ಗೊತ್ತಾಗುವುದು ನಾಲಿಗೆಗೆ ಮಾತ್ರ. ಹಂಚನ್ನು ಮೂರು ಸಲ ತೊಳೆದಿಟ್ಟಳು. ಆ ದಿನ ರೊಟ್ಟಿ ಮಾಡಲಿಲ್ಲ.

ಮರುದಿನ ಮೊದಲನೆಯ ಬಸ್ಸಿಗೆ, ಒಂದು ಡಬ್ಬಿ ಬೆಣ್ಣೆ ತೆಗೆದುಕೊಂಡು ನಾರಾಯಣಪೇಟೆಗೆ ಹೋದಳು. ಹೇಳಿಯೇ ಬರಬೇಕೆಂದು ಹೊರಟಿದ್ದಳು. ಕಾಂತೇಶ ಪಡಸಾಲೆಯಲ್ಲಿ ಕೂತು ಪೇಪರು ಓದುತ್ತಿದ್ದ, ಎದ್ದು ನಿಂತು ನಮಸ್ಕಾರ ಮಾಡಿ ಚಹಾ ತರಿಸಿದ. ಆ ನಮಸ್ಕಾರದಿಂದಲೇ ಅವಳ ಅರ್ಧ ಧೈರ್ಯ ಹೋಯಿತು. "ನಿಮ್ಮದೇನೂ ತಪ್ಪಿಲ್ರಿ ಅಮರಮ್ಮನೋರ. ಸ್ವಾಮಿಗೋಳು ಎಲ್ಲಾ ಹೇಳ್ಯಾರ. ಅಂಥಾಕಿ ಕೈಯಿಂದ ಸಗಣಿ ತಗೊಂಡ್ರ ಹಿಂಗಾ ಆಗೋದು" ಎಂದ.

ಒಳಗಿನ ಕೋಣೆಯಲ್ಲಿ ಐಶ್ವರ್ಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಸಿಪ್ಪೆ ಉದುರಿದ ಜಾಗ ಗುಲಾಬಿಯಾಗಿ ಕಾಣುತ್ತಿತ್ತು, ಸಾಲಾಗಿ ಮೂರು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅಗಲಕ್ಕೆ. ಕೂಸು ನಿದ್ದೆಯಲ್ಲಿ ತುಟಿ ಆಡಿಸುತ್ತಿತ್ತು.

"ನಂದಾ ತಪ್ಪುರೀ ಅಜ್ಜಿ" ಎಂದಳು ಐಶ್ವರ್ಯ, ಹೊರಗೆ ಕೇಳದಷ್ಟು ಮೆಲ್ಲಗೆ. "ಆವತ್ತು ಹಸಿ ವಿಭೂತಿ ಇಟ್ಟಿದ್ದು ಹಂಗಾ ಇತ್ತು. ಕರೆಂಟ್ ಹೋಗಿತ್ತು, ಕೂಸು ಬೆವರಾಕತ್ತಿತ್ತು. ನಂಗ ನಿದ್ದಿ ಹತ್ತಿಬಿಡ್ತು. ಎದ್ದು ನೋಡಿದ್ರ ಮೂರು ತಾಸು ಆಗಿತ್ತು. ಅದು ಅಳಾಕತ್ತಿತ್ತಂತರಿ, ನನಗ ಎಚ್ಚರಾನಾ ಆಗಲಿಲ್ಲ. ಒರಸಿದ್ರ ಏನೂ ಆಗ್ತಿದ್ದಿಲ್ಲ. ಯಾರಿಗೂ ಹೇಳಿಲ್ರಿ ಇದನ್ನ."

"ಇಲ್ಲವ್ವ" ಎಂದಳು ಅಮರಮ್ಮ. "ನಿಂದಲ್ಲ."

"ಮತ್ತ ಯಾರದು?"

"ಆ ಎಂಕಮ್ಮಂದು!" ಎಂದು ಕಾಂತೇಶ ಪಡಸಾಲೆಯಿಂದಲೇ ಕೂಗಿ ಹೇಳಿದ. ಕೊನೆಯ ಮಾತುಗಳಷ್ಟೇ ಅವನ ಕಿವಿಗೆ ಬಿದ್ದಿದ್ದವು.

ಅಮರಮ್ಮ ಬೆಣ್ಣೆಯ ಡಬ್ಬಿಯನ್ನು ನೆಲಕ್ಕಿಟ್ಟಳು. ಚಹಾ ಕುಡಿದು ಮುಗಿಸಿದಳು. ಲೋಟ ತೊಳೆದಿಟ್ಟಳು. ಬಸ್‌ಸ್ಟ್ಯಾಂಡಿಗೆ ಬಂದು ಮಕ್ತಲ್ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದಾಗ ಅವಳ ಬಾಯಿಂದ ಎಂಕಮ್ಮನ ಊರಿನ ಹೆಸರು ಬಂತು.

ಎಂಕಮ್ಮ ಬೇವಿನ ಗಿಡದ ಕೆಳಗೆ ಆಕಳಿಗೆ ನೀರು ಕುಡಿಸುತ್ತಿದ್ದಳು. ಅಮರಮ್ಮನನ್ನು ನೋಡಿ ಬಕೆಟ್ಟು ಕೆಳಗಿಡಲಿಲ್ಲ. "ಎಮ್ಮಿ ನೋಡಾಕ ಬಂದೀರೇನು? ಹುಡುಕ್ರಿ, ಸಿಕ್ರ ನನಗೂ ತೋರಸ್ರಿ" ಎಂದಳು. ಆದರೆ ಬಿಸಿಲಲ್ಲಿ ನಡೆದು ಬಂದವಳಿಗೆ ಏನೂ ಕೊಡದೆ ಇರಲು ಅವಳಿಂದ ಆಗಲಿಲ್ಲ. ಒಳಗಿಂದ ಒಂದು ಲೋಟ ಮಜ್ಜಿಗೆ ತಂದು ಮುಂದೆ ಕುಕ್ಕಿದಳು. ಅಮರಮ್ಮ ಅರ್ಧ ಕುಡಿದಾಗ, ರೂಢಿಯಂತೆ ಕೇಳಿದಳು: "ಉಪ್ಪು ಸಾಲ್ತೇನು?"

ಇಂಥ ಪ್ರಶ್ನೆಗೆ ಮೂರು ವರ್ಷದಿಂದ ಅಮರಮ್ಮ 'ಸರಿ ಐತಿ' ಅನ್ನುತ್ತ ಬಂದಿದ್ದಳು. ಈಗಲೂ ಅದೇ ತುಟಿಯವರೆಗೆ ಬಂತು.

"ನಂಗ ಗೊತ್ತಾಗಂಗಿಲ್ಲ ಎಂಕಮ್ಮ. ಉಪ್ಪು ಗೊತ್ತಾಗಂಗಿಲ್ಲ, ಚೌಳು ಗೊತ್ತಾಗಂಗಿಲ್ಲ. ಕರೋನಾ ಬಂದಾಗಿನಿಂದ ಗೊತ್ತಾಗಂಗಿಲ್ಲ."

ಆಮೇಲೆ ಉಳಿದದ್ದನ್ನೂ ಹೇಳಿದಳು. ನಾಲ್ಕು ನೀರು, ಬಾಯಿ ಚಪ್ಪರಿಸಿದ್ದು, ಹಂಚಿನ ಮೇಲಿನ ಬಿಳಿ, ಅಡುಗೆ ಮನೆಯ ಗೋಡೆ. ಮುಗಿದ ಮೇಲೆ ಎಂಕಮ್ಮ ಕೇಳಿದ್ದು ಒಂದೇ: "ನಾ ಕೂಗಿದ್ದು ಕೇಳಿಸ್ತಾ ಆವತ್ತು?"

"ಕೇಳಿಸ್ತು."

"ಮೂರೂ ಸಲ?"

"ಮೂರೂ ಸಲ."

ಎಂಕಮ್ಮ ಒಂದು ಸಲ ನಕ್ಕಳು, ಅದು ನಗೆಯ ಹಾಗಿರಲಿಲ್ಲ. "ಓಣ್ಯಾಗೆಲ್ಲಾ ಹಬ್ಬೈತಿ. ಮನಿ ಸಾರಸಾಕ ಸಗಣಿ ಕೇಳ್ತಿದ್ದೋರೂ ಈಗ ಬ್ಯಾಡ ಅಂತಾರ. ಇಲ್ಲಿ ನನ್ನೆದುರು ಅತ್ರ ನನಗೇನು ಬಂತು? ಹೆಸರು ಎಲ್ಲಿ ಹೋಗೈತೋ ಅಲ್ಲಿ ಹೇಳ್ರಿ." ಸೆರಗಿನಲ್ಲಿ ಕಟ್ಟಿಕೊಂಡಿದ್ದ ಫೋನು ತೆಗೆದು ಮುಂದೆ ಹಿಡಿದಳು. "ಈಗ ಹೇಳ್ರಿ. ಸ್ಪೀಕರ್ ಹಚ್ತೀನಿ. ನಾನೂ ಕೇಳಬೇಕು."

ಅಮರಮ್ಮ ಚೀಲದಿಂದ ಚೀಟಿ ತೆಗೆದು ಕಾಂತೇಶನ ನಂಬರು ಒಂದೊಂದಾಗಿ ಓದಿದಳು. ಎಂಕಮ್ಮ ಒತ್ತಿದಳು. ಕಾಂತೇಶ ಎತ್ತಿದ. ಅಮರಮ್ಮ ಎರಡು ಸಲ ತಡವರಿಸಿ, ಮೂರನೆಯ ಸಲಕ್ಕೆ ಎಲ್ಲವನ್ನೂ ಹೇಳಿದಳು.

"ಈಗ ಮುಂಜಾನಿ ನಮ್ಮ ಮನ್ಯಾಗಾ ಕುಂತಿದ್ರಲ್ರಿ" ಎಂದ ಕಾಂತೇಶ. "ನಾ ಎದ್ದು ನಿಂತು ನಮಸ್ಕಾರ ಮಾಡಿದ್ನಲ್ರಿ ನಿಮಗ."

"ಹೂಂ."

"ಹಿರ್ಯಾರಿದ್ದೀರಿ, ಏನೂ ಅನ್ನಂಗಿಲ್ಲ. ಇನ್ನ ಮ್ಯಾಲ ನಿಮ್ಮನಿ ವಿಭೂತಿ ನಮ್ಮ ಮನಿಗೆ ಬ್ಯಾಡ. ಸ್ವಾಮಿಗೋಳಿಗೂ ಹೇಳ್ತೀನಿ."

"ಐಶ್ವರ್ಯಗ ಹೇಳ್ರಿ" ಎಂದಳು ಅಮರಮ್ಮ ಗಡಬಡಿಸಿ. "ಅಕಿದಲ್ಲ ತಪ್ಪು ಅಂತ ಹೇಳ್ರಿ. ಅಕಿ ನಿದ್ದಿ ಮಾಡಿದ್ದಕ್ಕಲ್ಲ."

ಅವನಿಗೆ ಅದು ತಿಳಿಯಲಿಲ್ಲ. ಹಿಂದಿನಿಂದ ಹೆಣ್ಣು ದನಿಯೊಂದು "ಅಪ್ಪಾ, ಫೋನ್ ಇಲ್ಲಿ ಕೊಡು" ಎಂದದ್ದು ಕೇಳಿಸಿತು. ಅಷ್ಟರಲ್ಲಿ ಕರೆ ತುಂಡಾಯಿತು.

ಎಂಕಮ್ಮ ಫೋನನ್ನೇ ನೋಡುತ್ತಿದ್ದಳು. "ನನ್ನ ಹೆಸರು ಎತ್ತಲಿಲ್ಲ ಅಂವ" ಎಂದಳು. "ಬೈಯುವಾಗ ನೆನಪಿತ್ತು." ಆಮೇಲೆ ಮಜ್ಜಿಗೆಯ ಲೋಟ ತೆಗೆದುಕೊಂಡು ಎದ್ದಳು. "ಬಸ್ಸಿಗೆ ಹೊತ್ತಾತು, ಹೋಗ್ರಿ. ನಾಳಿ ಬುಟ್ಟಿ ಹೊತ್ಕೊಂಡು ಬರ್ತಾಳ ಅನ್ಕೋಬ್ಯಾಡ್ರಿ."

"ಅನ್ಕೊಳ್ಳಂಗಿಲ್ಲ" ಎಂದಳು ಅಮರಮ್ಮ.

ಮನೆಗೆ ಬಂದು ಮಲ್ಲೇಶನಿಗೆ ಹೇಳಿದಳು. ಅವನು ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕೂತ. "ಮೂರು ವರ್ಷ" ಎಂದ. "ಅದಕ್ಕಾ ಸಾರು ಹಂಗ ಇರ್ತಿತ್ತು." ಇಬ್ಬರೂ ನಗಲಿಲ್ಲ. "ನಾ ಅಕಿನ್ನ ಬಾಗಲಾಗ ನಿಂದರಿಸಿ ಅಂದ್ನಲ್ಲವ್ವ. ನನ್ನ ಬಾಯಲೇ ಅಂದ್ನಲ್ಲ" ಎಂದ. ಗದ್ವಾಲದ ಅಂಗಡಿಗೆ ಫೋನು ಮಾಡಿ ಗಟ್ಟಿ ಮಾರಬೇಡಿ ಎನ್ನಲು ಹೊರಟವನನ್ನು ಅಮರಮ್ಮ ತಡೆದಳು. "ನಾ ಹೋಗ್ತೀನಿ. ನೀ ಎಂಕಮ್ಮನ ಹತ್ರ ಹೋಗು."

ಮರುದಿನ ಬಸ್ಸು ಕೃಷ್ಣೆ ದಾಟಿ ಗದ್ವಾಲ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಪೂಜಾ ಸಾಮಾನಿನ ಅಂಗಡಿಯ ಶ್ರೀನಿವಾಸುಲು ಕರ್ಪೂರದ ಡಬ್ಬಿ ಜೋಡಿಸುತ್ತ ಅವಳ ಮಾತು ಕೇಳಿದ. ಹಿಂದಿನ ದಿನ ಎರಡು ಕಡೆ ಹೇಳಿದ್ದರೂ ಹೇಳುವುದು ಹಗುರಾಗಿರಲಿಲ್ಲ.

"ಯಾರೂ ಏನೂ ಅಂದಿಲ್ಲಲ್ಲಮ್ಮ" ಎಂದ ಅವನು. "ದೊಡ್ಡೋರ ಹಣಿಗೆ ಏನಾಗತೈತಿ? ಇರ್ಲಿ ಬಿಡ್ರಿ, ಮಾರಿ ಹೋಗ್ತಾವ."

"ಬ್ಯಾಡಪ್ಪ. ತಿರುಗಿ ಕೊಡು."

ಮೂವತ್ತರಲ್ಲಿ ಹತ್ತೊಂಬತ್ತು ಸಿಕ್ಕವು. ಹನ್ನೊಂದು ಮಾರಿ ಹೋಗಿದ್ದವು. ಯಾರಿಗೆ ಎಂದು ಕೇಳಿದಳು. ಶ್ರೀನಿವಾಸುಲು ಅವಳ ಮುಖ ನೋಡಿದ. "ವಿಭೂತಿ ತಗೊಂಡೋರ ಹೆಸರು ಯಾರು ಕೇಳ್ತಾರಮ್ಮ? ಬಂದ್ರು, ತಗೊಂಡ್ರು, ಹೋದ್ರು. ಒಬ್ಬಾಕಿ ಮಾನೋಪಾಡಿನಾಕಿ ಇರಬೇಕು, ಬಸ್ಸಿಗೆ ಗಡಿಬಿಡಿ ಮಾಡ್ತಿದ್ಲು. ಉಳಿದೋರು ಗೊತ್ತಿಲ್ಲ."

ಅವಳು ಹತ್ತೊಂಬತ್ತನ್ನೂ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತಳು. ಮಕ್ತಲ್ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಎದುರಿಗೆ ಜನ ಹೋಗುತ್ತಿದ್ದರು, ಬರುತ್ತಿದ್ದರು. ಅಮರಮ್ಮ ಯಾರ ಮುಖವನ್ನೂ ನೋಡಲಿಲ್ಲ. ಹಣೆಗಳನ್ನು ನೋಡುತ್ತಿದ್ದಳು. ಕುಂಕುಮ, ಬರೀ ಹಣೆ, ಟೋಪಿ, ಸ್ಟಿಕ್ಕರು, ಬರೀ ಹಣೆ. ಮೂರು ಬಿಳಿ ಗೆರೆ ಕಂಡರೆ ಅವಳ ಕುತ್ತಿಗೆ ತಾನಾಗಿ ಆ ಕಡೆ ತಿರುಗುತ್ತಿತ್ತು.

ಅಂಥ ಒಬ್ಬ ಮುದುಕ ಬಂದು ಅವಳ ಬೆಂಚಿನ ತುದಿಗೆ ಕೂತು ಟವೆಲ್ಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡ. ಹಣೆಯನ್ನು ಒರೆಸಿಕೊಳ್ಳಲಿಲ್ಲ, ವಿಭೂತಿ ಅಳಿಸಬಾರದೆಂದು. ಬೆವರಿಗೆ ಗೆರೆಗಳು ಕರಗಿ ಹುಬ್ಬಿನ ಕಡೆ ಇಳಿಯುತ್ತಿದ್ದವು. ಬಿಳಿಯ ಕೆಳಗೆ ಚರ್ಮ ಕೆಂಪಾಗಿದೆಯೋ, ಅದು ಬಿಸಿಲಿನ ಕೆಂಪೋ, ಇಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ.

"ಉರಿತೈತೇನ್ರಿ?" ಎಂದಳು ಅಮರಮ್ಮ.

"ಏನಮ್ಮ?"

"ಹಣಿ ಮ್ಯಾಲಿಂದು."

ಅವನು ಹಣೆ ಮುಟ್ಟಿಕೊಂಡು ಬೆರಳು ನೋಡಿಕೊಂಡ. "ಬೆವರು ಬಂದ್ರ ಸ್ವಲ್ಪ ಚುರ್ ಅಂತೈತಿ. ಈ ಬಿಸಿಲಾಗ ಯಾವುದು ಚುರ್ ಅನ್ನಂಗಿಲ್ಲ ಹೇಳು?"

"ಎಲ್ಲಿ ತಗೊಂಡ್ರಿ ಇದನ್ನ?"

"ಇಲ್ಲೇ ಗದ್ವಾಲದಾಗ. ಅಂಗಡಿ ನೆನಪಿಲ್ಲ, ಸೊಸಿ ತಂದಾಳ. ಯಾಕ?"

ಅವಳು ಚೀಲದಿಂದ ನೀರಿನ ಬಾಟಲಿ ತೆಗೆದಳು. ಸೆರಗಿನ ತುದಿಯನ್ನು ತೋಯಿಸಿ, ಮುಟ್ಟಲು ಸಂಕೋಚವಾಗಿ, ಹಾಗೇ ಅವನ ಮುಂದೆ ಹಿಡಿದಳು.

"ಒರಸಿಕೊಳ್ರಿ" ಎಂದಳು. "ಒಂದು ಸಲ ಸಾಲಂಗಿಲ್ಲ. ಬಾಟಲಿ ಪೂರಾ ಐತಿ. ನಾ ಯಾರು ಅಂತ ಆಮ್ಯಾಲ ಹೇಳ್ತೀನಿ, ಮೊದಲ ಒರಸಿಕೊಳ್ರಿ."